ಶಾಲೆಯ ಪಂಕ್ತಿ, ಪ್ರಭುವಿನ ಪಂಕ್ತಿ: ಬಿಸಿಯೂಟದ ಇತಿಹಾಸದ ಒಂದು ಅವಲೋಕನ

ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಮಕ್ಕಳಿಗೆ ಉಚಿತವಾಗಿ ಊಟ ಕೊಡಬೇಕೇ ಎಂಬ ಪ್ರಶ್ನೆ ನಮ್ಮ ನಾಡಿನಲ್ಲಿ ಎಂದೋ ಇತ್ಯರ್ಥವಾಯಿತೆಂದು ಭಾವಿಸುವವರುಂಟು. ನ್ಯಾಯಾಲಯದ ಆದೇಶವಿದೆ, ಸಂಸತ್ತಿನ ಕಾಯಿದೆಯಿದೆ, ಪ್ರತಿ ಮಧ್ಯಾಹ್ನ ಶಾಲೆಯ ಒಲೆಯೂ ಉರಿಯುತ್ತಿದೆ. ಆದರೂ ಧರ್ಮಸಭೆಯ ಸಾಮಾಜಿಕ ಬೋಧನೆಯ ತರಗತಿಯಲ್ಲಿ ಪ್ರತಿ ವರ್ಷವೂ ಒಬ್ಬಿಬ್ಬರು ಗುರು ಅಭ್ಯರ್ಥಿಗಳು ಈ ಪ್ರಶ್ನೆಯನ್ನು ನನ್ನ ಮುಂದಿಡುತ್ತಾರೆ. ಮಕ್ಕಳಿಗೆ ಉಣಿಸುವುದು ತಂದೆತಾಯಿಯರ ಕರ್ತವ್ಯವೆಂದು ಧರ್ಮಸಭೆ ಬೋಧಿಸುವಾಗ, ಆ ಕರ್ತವ್ಯವನ್ನು ಪ್ರಭುತ್ವವು ಕೈಗೆತ್ತಿಕೊಳ್ಳುವುದು ಸರಿಯೇ ಎಂಬುದು ಅವರ ಸಂದೇಹ. ಇದನ್ನು ಲಘುವಾಗಿ ತಳ್ಳಿಹಾಕಲಾಗದು. ಪ್ರಶ್ನೆಗೆ ಒಂದು ಇತಿಹಾಸವಿದೆ. ಆ ಇತಿಹಾಸದಲ್ಲಿ ನಮಗೂ ಪಾಲಿದೆ.

1. ಧಾತು ಬರದ ಪಾಠ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮವನ್ನು ನಮ್ಮ ಜನರು ಸಂವತ್ಸರದ ಹೆಸರಿನಿಂದ ಧಾತು ಬರವೆಂದು ಕರೆದರು. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. ಆ ಕಾಲದಲ್ಲಿ ಸರ್ಕಾರದ ಕಡೆಯಿಂದ ಬಂದ ರಿಚರ್ಡ್ ಟೆಂಪಲ್ ಅವರು ಪರಿಹಾರ ಕಾಮಗಾರಿಯಲ್ಲಿ ದುಡಿಯುವವನ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದರು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಅವರು ಅದನ್ನು ಬಲವಾಗಿ ವಿರೋಧಿಸಿದರು. ಹಸಿದವನಿಗೆ ಕನಿಷ್ಠ ಎಷ್ಟು ಕೊಟ್ಟರೆ ಸಾಕು ಎಂಬ ಲೆಕ್ಕಾಚಾರವು ನಮ್ಮ ನೆಲದಲ್ಲಿ ಸರ್ಕಾರಿ ಕಡತವನ್ನು ಸೇರಿದ್ದು ಹೀಗೆ.

ಅದೇ ವರ್ಷಗಳಲ್ಲಿ ಕಥೋಲಿಕ ಹಾಗೂ ಪ್ರೊಟೆಸ್ಟಂಟ್ ಮಿಷನರಿಗಳು ಗಂಜಿ ಕಾಯಿಸಿದರು, ತಬ್ಬಲಿ ಮಕ್ಕಳನ್ನು ಅನಾಥಾಲಯಗಳಿಗೆ ಸೇರಿಸಿಕೊಂಡರು. ಅವರು ಉಳಿಸಿದ ಜೀವಗಳು ಸಣ್ಣ ಸಂಖ್ಯೆಯವಲ್ಲ. ಆದರೆ ಅನ್ನ ಕೊಟ್ಟ ಕೈಯೇ ಜ್ಞಾನಸ್ನಾನವನ್ನೂ ಕೊಟ್ಟದ್ದರಿಂದ, ಅನ್ನಕ್ಕಾಗಿ ಕ್ರೈಸ್ತರಾದವರು ಎಂಬ ನಿಂದೆಯು ನಮ್ಮ ಸಮುದಾಯವನ್ನು ತಲೆಮಾರುಗಳ ಕಾಲ ಹಿಂಬಾಲಿಸಿತು. ನಿಂದೆ ಬಹುಮಟ್ಟಿಗೆ ಅನ್ಯಾಯದ್ದೇ. ಆದರೂ ಅದರೊಳಗೊಂದು ಎಚ್ಚರಿಕೆಯಿದೆ: ಕೊಡುವವನ ಕೃಪೆಯಿಂದ ದೊರಕುವ ಅನ್ನವು ಉಣ್ಣುವವನನ್ನು ಸದಾ ಋಣಿಯಾಗಿಯೇ ಇರಿಸುತ್ತದೆ.

2. ತಂದೆಯ ಹೊಣೆಯೆಂಬ ವಾದ

ಶಾಲೆಯ ಊಟದ ಪ್ರಶ್ನೆ ಕಾನೂನಿನ ರೂಪದಲ್ಲಿ ಮೊದಲು ತೀವ್ರವಾಗಿ ಚರ್ಚೆಗೊಳಗಾದ ದೇಶಗಳಲ್ಲಿ ಇಂಗ್ಲೆಂಡ್ ಒಂದು. ಬೋಯರ್ ಯುದ್ಧಕ್ಕೆ ಸೇರಬಂದ ಯುವಕರಲ್ಲಿ ಅನೇಕರು ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದಾಗ ಅಲ್ಲಿನ ಸರ್ಕಾರ ಬೆಚ್ಚಿತು. 1904ರಲ್ಲಿ ಒಂದು ವಿಚಾರಣಾ ಸಮಿತಿಯ ವರದಿ ಬಂತು. 1906ರಲ್ಲಿ ಶಾಲಾಮಕ್ಕಳಿಗೆ ಊಟ ಒದಗಿಸಲು ಸ್ಥಳೀಯ ಸಂಸ್ಥೆಗಳಿಗೆ ಅವಕಾಶ ನೀಡುವ ಕಾಯಿದೆಯಾಯಿತು. ದಾನಧರ್ಮಗಳನ್ನು ವ್ಯವಸ್ಥೆಗೊಳಿಸುತ್ತಿದ್ದ ಸಂಘಗಳೇ ಇದನ್ನು ವಿರೋಧಿಸಿದವು. ಮಗುವಿಗೆ ಉಣಿಸಿದರೆ ತಂದೆ ಸೋಮಾರಿಯಾಗುತ್ತಾನೆ, ಕುಟುಂಬ ಶಿಥಿಲವಾಗುತ್ತದೆ ಎಂಬುದು ಅವರ ವಾದ.

ಈ ಕಾಯಿದೆಯಲ್ಲಿ ನಮ್ಮ ಗಮನಕ್ಕೆ ಅರ್ಹವಾದ ಒಂದು ಅಂಶವಿದೆ. ಬಡವರ ಪರಿಹಾರ ಪಡೆದವನು ಅಂದಿನ ಇಂಗ್ಲೆಂಡಿನಲ್ಲಿ ಮತದ ಹಕ್ಕನ್ನು ಕಳೆದುಕೊಳ್ಳುತ್ತಿದ್ದ. ಮಗುವಿನ ಊಟದ ಹಣ ತೆರಲಾಗದ ತಂದೆಗೆ ಮಾತ್ರ ಈ ದಂಡನೆ ತಗಲದೆಂದು 1906ರ ಕಾಯಿದೆ ಸ್ಪಷ್ಟಪಡಿಸಿತು. ಊಟ ಪಡೆದರೂ ಮಾನ ಕಳೆಯಬೇಕಿಲ್ಲ ಎಂಬ ತತ್ವಕ್ಕೆ ಇಲ್ಲಿ ಮೊದಲ ಹೆಜ್ಜೆ ಕಾಣುತ್ತದೆ. ಮರುವರ್ಷ ಬ್ರಾಡ್‌ಫರ್ಡ್ ನಗರದಲ್ಲಿ ಶಾಲೆಯಲ್ಲಿ ಉಂಡ ಮಕ್ಕಳನ್ನು ತೂಗಿ ನೋಡಲಾಯಿತು. ಊಟದ ದಿನಗಳಲ್ಲಿ ಅವರ ತೂಕ ಏರಿತು, ರಜೆಯಲ್ಲಿ ಕುಗ್ಗಿತು. ತಂದೆ ಸೋಮಾರಿಯಾದನೋ ಇಲ್ಲವೋ, ಮಗು ಹಸಿದಿದ್ದುದಂತೂ ತಕ್ಕಡಿಯಲ್ಲಿ ಸಿದ್ಧವಾಯಿತು.

ಧರ್ಮಸಭೆಯ ಬೋಧನೆ ಈ ವಾದದಲ್ಲಿ ಯಾವ ಕಡೆ ನಿಲ್ಲುತ್ತದೆ? ಜಗದ್ಗುರು ಹದಿಮೂರನೆಯ ಲಿಯೋ ಅವರು 1891ರ 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ಮಕ್ಕಳ ಪೋಷಣೆಯನ್ನು ತಂದೆಯ ಪವಿತ್ರ ಕರ್ತವ್ಯವೆಂದು ಹೇಳಿ, ಪ್ರಭುತ್ವವು ಮನೆಯೊಳಗೆ ತನ್ನಿಚ್ಛೆಯಂತೆ ನುಗ್ಗಬಾರದೆಂದು ಎಚ್ಚರಿಸಿದರು. ಆದರೆ ತನ್ನ ಬಲದಿಂದ ಮೇಲೇಳಲಾರದ ಸಂಕಟಕ್ಕೆ ಸಿಲುಕಿದ ಕುಟುಂಬಕ್ಕೆ ಸಾರ್ವಜನಿಕ ನೆರವು ದೊರಕುವುದು ನ್ಯಾಯವೆಂದೂ ಅಲ್ಲಿಯೇ ಒಪ್ಪಿದರು. 1931ರಲ್ಲಿ ಹನ್ನೊಂದನೆಯ ಪಿಯುಸ್ ಅವರು ವಿವರಿಸಿದ ಪೂರಕತೆಯ ತತ್ವವನ್ನು ಕೂಡ ಪೂರ್ತಿಯಾಗಿ ಓದಬೇಕು. ಕಿರಿಯ ಸಮುದಾಯ ಮಾಡಬಲ್ಲದ್ದನ್ನು ಹಿರಿಯ ಸಂಸ್ಥೆ ಕಸಿದುಕೊಳ್ಳಬಾರದು ಎಂಬುದು ಅದರ ಒಂದು ಮುಖ. ಕಿರಿಯದಕ್ಕೆ ನೆರವಾಗುವುದು ಹಿರಿಯದರ ಕರ್ತವ್ಯ ಎಂಬುದು ಇನ್ನೊಂದು ಮುಖ. ಮುಂಜಾನೆಯೇ ಕೂಲಿಗೆ ಹೊರಡುವ ತಾಯಿಯ ಮಗುವಿಗೆ ಶಾಲೆ ಮಧ್ಯಾಹ್ನದ ಊಟ ಬಡಿಸಿದರೆ ಮನೆಯ ಒಲೆ ಆರುವುದಿಲ್ಲ. ರಾತ್ರಿಯ ಊಟಕ್ಕೆ ತಾಯಿಯೇ ಬೇಕು, ತಾಯಿಯೇ ಇರುತ್ತಾಳೆ.

3. ಮದರಾಸಿನ ಒಂದು ಆಣೆ

ನಮ್ಮ ದೇಶದಲ್ಲಿ ಈ ಕಾರ್ಯದ ಆರಂಭವನ್ನು ಸಾಮಾನ್ಯವಾಗಿ ಮದರಾಸು ನಗರಸಭೆಗೆ ಸಲ್ಲಿಸಲಾಗುತ್ತದೆ. 1920ರಲ್ಲಿ, ಪಿ. ತ್ಯಾಗರಾಯ ಚೆಟ್ಟಿ ಅವರು ಅಧ್ಯಕ್ಷರಾಗಿದ್ದಾಗ, ಥೌಸಂಡ್ ಲೈಟ್ಸ್ ಬಡಾವಣೆಯ ನಗರಸಭಾ ಶಾಲೆಯ ಮಕ್ಕಳಿಗೆ ತಿಂಡಿ ಕೊಡಲು ನಿರ್ಣಯವಾಯಿತು. ತಲೆಗೆ ದಿನಕ್ಕೆ ಒಂದು ಆಣೆ ಮೀರಬಾರದೆಂಬುದು ಕರಾರು. ಹಾಜರಾತಿ ಏರಿತು, ಇನ್ನೂ ಕೆಲವು ಶಾಲೆಗಳಿಗೆ ಯೋಜನೆ ವಿಸ್ತರಿಸಿತು. ಆದರೆ ಪ್ರಾಥಮಿಕ ಶಿಕ್ಷಣದ ನಿಧಿಯನ್ನು ತಿಂಡಿಗೆ ಬಳಸುವಂತಿಲ್ಲವೆಂದು ಬ್ರಿಟಿಷ್ ಸರ್ಕಾರ ಅನುಮತಿ ನಿರಾಕರಿಸಿದ್ದರಿಂದ 1925ರಲ್ಲಿ ಅದು ನಿಂತಿತು. ಅಕ್ಷರವೇ ಬೇರೆ, ಅನ್ನವೇ ಬೇರೆ ಎಂಬ ಕಡತದ ವಿಭಜನೆಯು ಮಗುವಿನ ತಟ್ಟೆಯನ್ನು ಕಸಿದುಕೊಂಡಿತು.

ಸ್ವಾತಂತ್ರ್ಯಾನಂತರ ಕೆ. ಕಾಮರಾಜ್ ಅವರು ಮುಖ್ಯಮಂತ್ರಿಯಾಗಿದ್ದಾಗ 1956ರಲ್ಲಿ ಮದರಾಸು ರಾಜ್ಯದಲ್ಲಿ ಮಧ್ಯಾಹ್ನದ ಊಟ ಮತ್ತೆ ಆರಂಭವಾಯಿತು. 1982ರಲ್ಲಿ ಎಂ. ಜಿ. ರಾಮಚಂದ್ರನ್ ಅವರು ಅದನ್ನು ಬಹುದೊಡ್ಡ ಪ್ರಮಾಣಕ್ಕೆ ಏರಿಸಿದಾಗ, ಇದು ಮತ ಗಳಿಸುವ ಆಟ, ಬೊಕ್ಕಸ ಬರಿದಾದೀತು ಎಂದವರು ಕಡಿಮೆಯಿರಲಿಲ್ಲ. ಈ ನಡುವಿನ ದಶಕಗಳಲ್ಲಿ ಕರ್ನಾಟಕದ ಅನೇಕ ಶಾಲೆಗಳಿಗೆ ಅಮೆರಿಕದಿಂದ ಹಾಲಿನ ಪುಡಿಯೂ ಗೋಧಿಯೂ ಬರುತ್ತಿದ್ದವು. ಕೇರ್ ಸಂಸ್ಥೆಯ ಉಪ್ಪಿಟ್ಟಿನ ರುಚಿಯನ್ನು ನಮ್ಮ ಹಿರಿಯ ಗುರುಗಳು ಇಂದಿಗೂ ನೆನೆಯುತ್ತಾರೆ. ಕಥೋಲಿಕ ಪರಿಹಾರ ಸೇವಾ ಸಂಸ್ಥೆಯ ಮೂಲಕ ನಮ್ಮ ಧರ್ಮಕೇಂದ್ರಗಳೂ ಆ ಹಂಚಿಕೆಯಲ್ಲಿ ಕೈಜೋಡಿಸಿದವು. ಅದು ಹಸಿವನ್ನು ತಣಿಸಿತು, ನಿಜ. ಆದರೆ ಹಡಗು ಬಂದರೆ ಉಂಟು, ಬಾರದಿದ್ದರೆ ಇಲ್ಲ ಎಂಬಂಥ ಅನ್ನ ಅದು.

4. ದಾಸೋಹವೆಂಬ ಹೆಸರು

1995ರ ಆಗಸ್ಟ್ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿದರೂ, ಬಹುತೇಕ ರಾಜ್ಯಗಳು ಊಟದ ಬದಲಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಟ್ಟು ಕೈತೊಳೆದುಕೊಂಡವು. ಬದಲಾವಣೆ ತಂದದ್ದು ನ್ಯಾಯಾಲಯ. ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿದ್ದಾಗಲೇ ಜನರು ಹಸಿದಿದ್ದಾರೆಂದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶ ನೀಡಿತು. ಸರ್ಕಾರಿ ಮತ್ತು ಸರ್ಕಾರದ ನೆರವು ಪಡೆಯುವ ಪ್ರಾಥಮಿಕ ಶಾಲೆಗಳಲ್ಲಿ ವರ್ಷಕ್ಕೆ ಕನಿಷ್ಠ 200 ದಿನ, ಕನಿಷ್ಠ 300 ಕ್ಯಾಲೊರಿ ಹಾಗೂ 8ರಿಂದ 12 ಗ್ರಾಂ ಪ್ರೋಟೀನ್ ಇರುವ ಬೇಯಿಸಿದ ಊಟವನ್ನೇ ನೀಡಬೇಕೆಂದಿತು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯು ಅದನ್ನು ಶಾಸನಬದ್ಧ ಹಕ್ಕನ್ನಾಗಿಸಿತು. ಧಾತು ಬರದ ಗಂಜಿಗೂ ಈ ಊಟಕ್ಕೂ ಇರುವ ಅಂತರ ಇಲ್ಲಿದೆ. ಈಗ ಮಗು ಯಾರ ಋಣದಲ್ಲಿಯೂ ಇಲ್ಲ.

ಕರ್ನಾಟಕವು 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಬಿಸಿಯೂಟವನ್ನು ಆರಂಭಿಸಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿ, ಕ್ರಮೇಣ ಹತ್ತನೆಯ ತರಗತಿಯವರೆಗೂ ಕೊಂಡೊಯ್ದಿತು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಈ ಹೆಸರು ದೈವಶಾಸ್ತ್ರದ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸಬೇಕು. ಹನ್ನೆರಡನೆಯ ಶತಮಾನದ ಶರಣರ ಬಾಯಲ್ಲಿ ದಾಸೋಹವೆಂದರೆ ದಾನವಲ್ಲ. ನಾನು ದಾಸನೆಂಬ ಭಾವದಲ್ಲಿ, ತನ್ನ ಕಾಯಕದ ಫಲವನ್ನು ಸಮುದಾಯದ ಮುಂದಿಡುವುದು. ಕೊಡುವವನು ಇಲ್ಲಿ ಎತ್ತರದಲ್ಲಿ ನಿಲ್ಲುವುದಿಲ್ಲ. ಕಡೆಯ ಭೋಜನದಲ್ಲಿ ಸೊಂಟಕ್ಕೆ ವಸ್ತ್ರ ಸುತ್ತಿ ಶಿಷ್ಯರ ಪಾದ ತೊಳೆದ ಪ್ರಭುವನ್ನು ಆರಾಧಿಸುವ ನಮಗೆ ಈ ಪದ ಪರಕೀಯವಲ್ಲ. ಸರ್ಕಾರವೊಂದು ತನ್ನ ಕಾರ್ಯಕ್ಕೆ ಇಂಥ ಹೆಸರಿಟ್ಟುಕೊಂಡರೆ, ಆ ಹೆಸರಿನ ಅಳತೆಗೋಲಿನಿಂದಲೇ ಅದನ್ನು ಅಳೆಯುವ ಅಧಿಕಾರ ಪ್ರಜೆಗೆ ದೊರಕುತ್ತದೆ.

ಫಲವೇನು? 2003ರಲ್ಲಿ ಜಾನ್ ಡ್ರೆಜ್ ಮತ್ತು ಅಪರಾಜಿತಾ ಗೋಯಲ್ ಅವರು ಛತ್ತೀಸಗಢ, ರಾಜಸ್ಥಾನ ಮತ್ತು ಕರ್ನಾಟಕಗಳ ಸಮೀಕ್ಷೆಯ ಆಧಾರದ ಮೇಲೆ, ಊಟ ಆರಂಭವಾದ ಬಳಿಕ ಒಂದನೆಯ ತರಗತಿಯ ದಾಖಲಾತಿ, ವಿಶೇಷವಾಗಿ ಹೆಣ್ಣುಮಕ್ಕಳದು, ಏರಿದ್ದನ್ನು ತೋರಿಸಿದರು. 2021ರಲ್ಲಿ 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಇನ್ನೊಂದು ತಲೆಮಾರಿನತ್ತ ನೋಡಿತು: ಬಾಲ್ಯದಲ್ಲಿ ಶಾಲೆಯ ಊಟ ಉಂಡ ತಾಯಂದಿರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಕಂಡುಬಂದಿತ್ತು.

ವೈಫಲ್ಯಗಳನ್ನು ಮರೆಮಾಚುವುದು ಇತಿಹಾಸಕ್ಕೆ ದ್ರೋಹ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯೊಂದರಲ್ಲಿ ಅಡುಗೆಮನೆಯ ಬೆಂಕಿ ಹುಲ್ಲಿನ ಸೂರಿಗೆ ತಗಲಿ 94 ಮಕ್ಕಳು ಮೃತರಾದರು. 2013ರ ಅದೇ ದಿನಾಂಕದಂದು ಬಿಹಾರದ ಸಾರನ್ ಜಿಲ್ಲೆಯಲ್ಲಿ ಕೀಟನಾಶಕ ಬೆರೆತ ಊಟ ಉಂಡು 23 ಮಕ್ಕಳು ಅಸುನೀಗಿದರು. ಬಡವರ ಮಕ್ಕಳಿಗೆ ಏನು ಕೊಟ್ಟರೂ ನಡೆಯುತ್ತದೆ, ಎಲ್ಲಿ ಕೂರಿಸಿದರೂ ನಡೆಯುತ್ತದೆ ಎಂಬ ಉದಾಸೀನವೇ ಎರಡೂ ಕಡೆ ಕೊಂದದ್ದು. ಹಕ್ಕು ಕಾಗದದ ಮೇಲೆ ಬಂದ ಮಾತ್ರಕ್ಕೆ ಗೌರವ ಬಂದಂತಾಗುವುದಿಲ್ಲ.

5. ಸೌಟು ಯಾರ ಕೈಯಲ್ಲಿದೆ?

ಹಕ್ಕು ಸ್ಥಾಪಿತವಾದ ಮೇಲೆ ವಾದ ಮುಗಿಯಲಿಲ್ಲ, ಮುಖ ಬದಲಿಸಿತು. ದಲಿತ ಮಹಿಳೆ ಬೇಯಿಸಿದ ಅನ್ನವನ್ನು ತಮ್ಮ ಮಕ್ಕಳು ಉಣ್ಣುವುದಿಲ್ಲವೆಂದು ಪೋಷಕರು ಹಟ ಹಿಡಿದ ಸುದ್ದಿಗಳು ಹಲವು ರಾಜ್ಯಗಳಿಂದ ಬಂದಿವೆ, ಕರ್ನಾಟಕದಿಂದಲೂ ಬಂದಿವೆ. ಇಂಥ ಸನ್ನಿವೇಶದಲ್ಲಿ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಅಡುಗೆಯವರ ನೇಮಕದಲ್ಲಿ ದಲಿತರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದ್ಯತೆ ನೀಡಬೇಕೆಂದು ಆದೇಶಿಸಿತು.

ಈ ಆದೇಶವನ್ನು ಓದುವಾಗ ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯ ನೆನಪಾಗದಿರದು. ಜೆರುಸಲೇಮಿನ ಆದಿ ಸಭೆಯಲ್ಲಿ ದಿನನಿತ್ಯದ ಹಂಚಿಕೆಯ ವೇಳೆ ಗ್ರೀಕ್ ಮಾತನಾಡುವವರ ವಿಧವೆಯರು ಕಡೆಗಣಿಸಲ್ಪಟ್ಟರು. ದೂರು ಬಂದಾಗ ಪ್ರೇಷಿತರು ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಏಳು ಜನರನ್ನು ಆರಿಸುವಂತೆ ಸಭೆಗೆ ಹೇಳಿದರು. ಸಂತ ಲೂಕರು ಕೊಡುವ ಏಳು ಹೆಸರುಗಳೂ ಗ್ರೀಕ್ ಹೆಸರುಗಳೇ. ಅಂದರೆ ಯಾರ ವಿಧವೆಯರಿಗೆ ಅನ್ಯಾಯವಾಗಿತ್ತೋ ಅವರ ಕಡೆಯವರ ಕೈಗೇ ಬಡಿಸುವ ಅಧಿಕಾರ ಬಂದಿರುವಂತೆ ತೋರುತ್ತದೆ. ಹಂಚಿಕೆಯಲ್ಲಿ ನ್ಯಾಯ ಬೇಕಾದರೆ ಸೌಟನ್ನು ಹಿಂದೆ ಉಳಿದವರ ಕೈಗೆ ಕೊಡಬೇಕೆಂಬ ವಿವೇಕ ಎರಡೂ ಕಡೆ ಒಂದೇ.

ಕೊರಿಂಥದ ಸಭೆಯ ರೋಗವೂ ಇದೇ ಜಾತಿಯದು. ಅಲ್ಲಿ ಅನ್ನದ ಕೊರತೆ ಇರಲಿಲ್ಲ. ಉಳ್ಳವರು ಮೊದಲೇ ಬಂದು ತಮ್ಮ ತಮ್ಮ ಬುತ್ತಿಯನ್ನು ಉಂಡು ತೃಪ್ತರಾಗುತ್ತಿದ್ದರು. ಇಲ್ಲದವರು ಹಸಿದು, ಅವಮಾನಿತರಾಗಿ ಕುಳಿತಿರುತ್ತಿದ್ದರು. ಇಂಥ ಭೋಜನವು ಪ್ರಭುವಿನ ಭೋಜನವೇ ಅಲ್ಲವೆಂದು ಸಂತ ಪೌಲರು ಖಂಡಿಸಿದರು. ಹಸಿವಿನೊಂದಿಗೆ ಅವಮಾನವನ್ನೂ ಅವರು ಪಾಪದ ಪಟ್ಟಿಗೆ ಸೇರಿಸಿದ್ದನ್ನು ನಾವು ಗಮನಿಸಬೇಕು.

ಬೇರೆಯವರತ್ತ ಬೆರಳು ತೋರುವ ಮುನ್ನ ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ತಮಿಳುನಾಡಿನ ವಡಕ್ಕನ್‌ಕುಳಂ ದೇವಾಲಯದೊಳಗೆ ಜಾತಿಗಳನ್ನು ಬೇರ್ಪಡಿಸಲು ಗೋಡೆಯನ್ನೇ ಎಬ್ಬಿಸಲಾಗಿತ್ತು. ಒಂದೇ ರೊಟ್ಟಿಯಲ್ಲಿ ಪಾಲ್ಗೊಳ್ಳುವವರ ನಡುವೆ ಇಟ್ಟಿಗೆಯ ಗೋಡೆ! ಅದನ್ನು ಕೆಡವಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಸರ್ಕಾರಿ ಶಾಲೆಯ ಜಗುಲಿಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಪಾತ್ರೆಯ ಅನ್ನ ಉಣ್ಣುವಾಗ, ನಮ್ಮ ಪೂಜಾಸಮುದಾಯ ಅನೇಕ ಕಡೆ ತಡವಾಗಿ ಕಲಿತದ್ದನ್ನು ಆ ಮಕ್ಕಳು ದಿನವೂ ಅಭ್ಯಾಸ ಮಾಡುತ್ತಿದ್ದಾರೆ.

6. ಉಳಿದಿರುವ ಪ್ರಶ್ನೆಗಳು

ಆದ್ದರಿಂದ ಊಟ ಕೊಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಹೌದು. ಆದರೆ ಆ ಉತ್ತರ ನಮ್ಮ ಮೇಲೆ ಎರಡು ಹೊಣೆಗಳನ್ನು ಹೊರಿಸುತ್ತದೆ.

ಮೊದಲನೆಯದು ಅಡುಗೆಯವರ ಕೂಲಿ. 2009ರಲ್ಲಿ ಕೇಂದ್ರವು ಅವರಿಗೆ ತಿಂಗಳಿಗೆ ನಿಗದಿಪಡಿಸಿದ ಮೊತ್ತ 1,000 ರೂಪಾಯಿ. ರಾಜ್ಯಗಳು ತಮ್ಮ ಪಾಲನ್ನು ಸೇರಿಸುತ್ತವೆ. ಆದರೂ ಅದರ ಹೆಸರು ಸಂಬಳವಲ್ಲ, ಗೌರವಧನ. ಬೆಳಿಗ್ಗೆಯಿಂದ ಹೊಗೆಯಲ್ಲಿ ನಿಂತು ನೂರಾರು ಮಕ್ಕಳಿಗೆ ಬೇಯಿಸುವ ತಾಯಿ, ತನ್ನ ಮಕ್ಕಳನ್ನು ಆ ಹಣದಿಂದ ಸಾಕಲಾರಳು. ಕಾರ್ಮಿಕನ ಕೂಲಿ ಅವನ ಕುಟುಂಬವನ್ನು ಪೊರೆಯುವಂತಿರಬೇಕೆಂದು ಬೋಧಿಸುವ ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿರಲಾಗದು. ದಾಸೋಹ ನಡೆಸುವವರು ಅಡುಗೆಯವಳಿಂದ ಬಿಟ್ಟಿ ದುಡಿಸಿಕೊಳ್ಳಬಾರದು.

ಎರಡನೆಯದು ನಮಗೆ ಇನ್ನೂ ಹತ್ತಿರದ್ದು. ಬಿಸಿಯೂಟವು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಸೇರಿದ್ದು. ಬಡವರ ಮಕ್ಕಳಿಗೆಂದೇ ನಮ್ಮ ಹಿರಿಯರು ಕಟ್ಟಿದ ಅನುದಾನಿತ ಕನ್ನಡ ಶಾಲೆಗಳು ಮಕ್ಕಳಿಲ್ಲದೆ ಸೊರಗುತ್ತಿರುವಾಗ, ಪಕ್ಕದಲ್ಲಿಯೇ ನಾವು ನಡೆಸುವ ಅನುದಾನರಹಿತ ಶಾಲೆಗಳು ತುಂಬಿರುತ್ತವೆ. ಗುರುದೀಕ್ಷೆಯ ಬಳಿಕ ಕೆಲಕಾಲ ಇಂಥದೊಂದು ಅನುದಾನಿತ ಶಾಲೆಯ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ದಾಖಲಾತಿ ಪುಸ್ತಕ ಪ್ರತಿ ಜೂನ್‌ನಲ್ಲಿ ತೆಳ್ಳಗಾಗುವುದನ್ನು ಕಂಡೆ. ಅದನ್ನು ಉಳಿಸಲು ಮಾಡಬೇಕಾದಷ್ಟು ಮಾಡಲಿಲ್ಲವೆಂಬುದು ನನ್ನ ತಪ್ಪೊಪ್ಪಿಗೆ. ಅಂಥ ಶಾಲೆಯ ಬಾಗಿಲು ಮುಚ್ಚಿದ ದಿನ ಒಂದು ಪಂಕ್ತಿಯೂ ಮುಚ್ಚುತ್ತದೆ.

ಮುಂದೆ ಧರ್ಮಕೇಂದ್ರಗಳಿಗೆ ತೆರಳಲಿರುವ ಗುರು ಅಭ್ಯರ್ಥಿಗಳಲ್ಲಿ ನನ್ನದೊಂದು ವಿನಂತಿ. ಶಾಲೆಯ ಉಸ್ತುವಾರಿ ನಿಮ್ಮ ಕೈಗೆ ಬಂದಾಗ ಲೆಕ್ಕಪತ್ರ ನೋಡುವ ಮೊದಲು ಮಧ್ಯಾಹ್ನದ ಊಟದ ವೇಳೆಗೆ ಹೋಗಿ. ಅಕ್ಕಿ ಶುಚಿಯಾಗಿದೆಯೇ, ಯಾವ ಮಗು ಬೇರೆ ಕುಳಿತಿದೆ, ಬಡಿಸುವವಳನ್ನು ಮಕ್ಕಳು ಏನೆಂದು ಕರೆಯುತ್ತಾರೆ ಎಂಬುದನ್ನು ನೋಡಿ. ಸಾಧ್ಯವಾದರೆ ಅದೇ ಸಾಲಿನಲ್ಲಿ ಕುಳಿತು ಅದೇ ಅನ್ನ ಉಣ್ಣಿ. ಬೆಳಿಗ್ಗೆ ಬಲಿಪೀಠದ ಮುಂದೆ ನಾವು ಮುರಿದ ರೊಟ್ಟಿಯ ಅರ್ಥ ಎಷ್ಟರಮಟ್ಟಿಗೆ ನಮಗೆ ತಿಳಿದಿದೆಯೆಂಬುದು ಆ ಸಾಲಿನಲ್ಲಿ ಗೊತ್ತಾಗುತ್ತದೆ.