ದಾಳ ಉರುಳಿಸುವ ವಿಜ್ಞಾನ

ಹಲವು ವರ್ಷಗಳ ಹಿಂದೆ ಕಣಭೌತವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ನಮ್ಮ ಮನೆಗೆ ಬಂದಿದ್ದ. ಪ್ರಯೋಗ ಎಲ್ಲಿ ನಡೆಸುತ್ತೀಯೆ ಎಂದು ಕೇಳಿದೆ. "ಸದ್ಯಕ್ಕೆ ಕಂಪ್ಯೂಟರಿನಲ್ಲೇ ಸರ್, ಶೋಧಕ ಉಪಕರಣವನ್ನು ಇನ್ನೂ ಕಟ್ಟಿಲ್ಲ" ಎಂದ. "ನೀನು ಹೇಳಿಕೊಟ್ಟದ್ದನ್ನೇ ಅದು ಒಪ್ಪಿಸುತ್ತದೆ. ಅದು ಪ್ರಯೋಗ ಹೇಗಾದೀತು?" ಎಂದುಬಿಟ್ಟೆ. ಅವನು ವಾದಿಸಲಿಲ್ಲ, ಕಾಫಿ ಕುಡಿದು ಹೊರಟ. ನಿವೃತ್ತಿಯ ಬಿಡುವಿನಲ್ಲಿ ಈ ವಿಷಯದ ಚರಿತ್ರೆಯನ್ನು ಓದಿದಾಗ ನನ್ನ ಮಾತು ಅರ್ಧ ಮಾತ್ರ ಸರಿಯೆಂದು ತಿಳಿಯಿತು.

1946ರಲ್ಲಿ ಗಣಿತಜ್ಞ ಸ್ಟಾನಿಸ್ಲಾವ್ ಉಲಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಒಬ್ಬರೇ ಇಸ್ಪೀಟು ಆಡುತ್ತಿದ್ದರು. ಆಟ ಗೆಲ್ಲುವ ಸಂಭವವನ್ನು ಲೆಕ್ಕ ಹಾಕುವುದಕ್ಕಿಂತ ನೂರು ಸಲ ಆಡಿ ಎಣಿಸುವುದೇ ಸುಲಭವೆಂದು ಅವರಿಗೆ ಹೊಳೆಯಿತು. ಜೂಜಿನ ಊರಾದ ಮಾಂಟೆ ಕಾರ್ಲೋದ ಹೆಸರು ಈ ವಿಧಾನಕ್ಕೆ ಅಂಟಿಕೊಂಡಿತು.

ನನಗೆ ಅತ್ಯಂತ ಪ್ರಿಯವಾದದ್ದು ರಾಬರ್ಟ್ ವಿಲ್ಸನ್ನರ ಕಥೆ. ವೇಗದ ಎಲೆಕ್ಟ್ರಾನು ಸೀಸವನ್ನು ಹೊಕ್ಕರೆ ಫೋಟಾನುಗಳನ್ನು ಹೊಮ್ಮಿಸುತ್ತದೆ. ಫೋಟಾನು ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗುತ್ತದೆ. ಹೀಗೆ ಒಂದು ಹಲವಾಗಿ ಕಣಗಳ ಮಳೆಯೇ ಸುರಿಯುತ್ತದೆ. 1952ರಲ್ಲಿ ಪ್ರಕಟವಾದ ಲೇಖನದಲ್ಲಿ ವಿಲ್ಸನ್ ಇದನ್ನು ಕಂಪ್ಯೂಟರಿಲ್ಲದೆಯೇ ಲೆಕ್ಕ ಮಾಡಿದರು. ಸೀಸವನ್ನು ಸುಮಾರು ಒಂದು ಮಿಲಿಮೀಟರಿನ ಪದರಗಳಾಗಿ ಎಣಿಸಿಕೊಂಡರು. ರೇಖಾಚಿತ್ರಗಳನ್ನು ಬರೆದ ಉರುಳೆಯೊಂದನ್ನು ಮೋಟಾರಿನಿಂದ ತಿರುಗಿಸಿ, ಅದು ನಿಂತಲ್ಲಿ ಆ ಪದರದೊಳಗೆ ಕಣದ ಗತಿಯೇನಾಯಿತೆಂದು ಓದಿದರು. ನಮ್ಮ ಜಾತ್ರೆಯ ಅದೃಷ್ಟಚಕ್ರವೇ ಸರಿ!

ಇಂದಿನ ತಂತ್ರಾಂಶ ಮಾಡುವುದೂ ಬಹುಮಟ್ಟಿಗೆ ಅದನ್ನೇ. ಯುರೋಪಿನ ಸರ್ನ್ ಸಂಸ್ಥೆಯಲ್ಲಿ 1974ರಲ್ಲಿ 'ಜಿಯಾಂಟ್' ಹುಟ್ಟಿತು. ಫ್ರೆಂಚಿನಲ್ಲಿ ಈ ಪದಕ್ಕೆ ದೈತ್ಯನೆಂದರ್ಥ. 1980ರ ದಶಕದಲ್ಲಿ ರೆನೆ ಬ್ರೂನ್ ಮತ್ತು ಸಂಗಡಿಗರು ಫೋರ್ಟ್ರಾನ್ ಭಾಷೆಯಲ್ಲಿ ಮೂರನೆಯ ಆವೃತ್ತಿಯನ್ನು ರೂಪಿಸಿದರು. ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸದಾಗಿ ಬರೆದ ನಾಲ್ಕನೆಯದು 1998ರ ಡಿಸೆಂಬರಿನಲ್ಲಿ ಹೊರಬಂದಿತು. ಉಪಕರಣದ ಆಕಾರ, ಅದರಲ್ಲಿರುವ ಲೋಹ, ಅನಿಲಗಳನ್ನು ವಿವರಿಸಿಕೊಟ್ಟರೆ ಅದು ಒಂದೊಂದೇ ಕಣವನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸಿ, ಎಲ್ಲಿ ಎಷ್ಟು ಶಕ್ತಿ ಉಳಿಯಿತೆಂದು ಬರೆದಿಡುತ್ತದೆ. ಆಸ್ಪತ್ರೆಗಳ ವಿಕಿರಣ ಚಿಕಿತ್ಸೆಯ ಅಧ್ಯಯನಕ್ಕೂ ಇದೇ ತಂತ್ರಾಂಶವನ್ನು ಬಳಸುತ್ತಾರೆ.

ಹಿಗ್ಸ್ ಕಣವಿದ್ದರೆ ಶೋಧಕದಲ್ಲಿ ಎಂಥ ಗುರುತು ಮೂಡಬೇಕೆಂಬುದನ್ನು ಹೀಗೆಯೇ ಮೊದಲು ಲೆಕ್ಕಹಾಕಿಟ್ಟಿದ್ದರು. ಕಣ ಸಿಕ್ಕಿತೆಂಬ ಘೋಷಣೆ ಬಂದದ್ದು 2012ರಲ್ಲಿ.

ಹಾಗಾದರೆ ನನ್ನ ಆಕ್ಷೇಪಣೆ? ಅದು ವಿಜ್ಞಾನಿಗಳಿಗೂ ಗೊತ್ತಿದ್ದದ್ದೇ. ಆದ್ದರಿಂದಲೇ ಶೋಧಕದ ಒಂದು ತುಂಡನ್ನು, ಶಕ್ತಿ ಮೊದಲೇ ತಿಳಿದಿರುವ ಕಣಗಳ ಕಿರಣಕ್ಕೆ ಒಡ್ಡಿ ಅಳೆಯುತ್ತಾರೆ. ಅಳತೆಯೂ ಲೆಕ್ಕವೂ ಹೊಂದದಿದ್ದರೆ ಕಾರಣ ಹುಡುಕುತ್ತಾರೆ. ಲೆಕ್ಕದ್ದೇ ತಪ್ಪಾದರೆ ತಿದ್ದುತ್ತಾರೆ. ಹೇಳಿಕೊಟ್ಟದ್ದನ್ನು ಒಪ್ಪಿಸುವ ಹುಡುಗನನ್ನು ಪರೀಕ್ಷೆಗೆ ಕೂರಿಸಿದಂತೆ. ಜೀವಮಾನವೆಲ್ಲ ಪರೀಕ್ಷೆ ನಡೆಸಿದ ನನಗೆ ಇದು ಅಂದೇ ಹೊಳೆಯಬೇಕಿತ್ತು.

ಆ ವಿದ್ಯಾರ್ಥಿ ಈ ಪುಟವನ್ನು ಓದುತ್ತಾನೆಂದು ಬಲ್ಲೆ. ಅಪ್ಪಾ, ನಿನ್ನ ಉಪಕರಣವನ್ನು ಕಟ್ಟಿದರೇ? ಅಳತೆಗೂ ಲೆಕ್ಕಕ್ಕೂ ಎಷ್ಟು ವ್ಯತ್ಯಾಸ ಬಂತು? ಬಂದು ಹೇಳು, ಈ ಸಲ ಪೂರ್ತಿ ಕೇಳುತ್ತೇನೆ.