ಐಪಿಎಲ್ ತಂಡವಿಲ್ಲ, 45 ಸಾವಿರ ಆಸನದ ಕ್ರೀಡಾಂಗಣವಿದೆ: ನಾಗ್ಪುರದ ಜಾಮ್ಠಾ ನಡೆಯುವುದು ಯಾರ ದುಡ್ಡಿನಲ್ಲಿ?

ನಾಗ್ಪುರದಿಂದ ವಾರ್ಧಾ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟರೆ, ವಿಮಾನ ನಿಲ್ದಾಣ ದಾಟಿದ ಮೇಲೆ ಜಾಮ್ಠಾ ಎಂಬ ಊರು ಸಿಗುತ್ತದೆ. ಅಲ್ಲಿರುವುದು ವಿದರ್ಭ ಕ್ರಿಕೆಟ್ ಸಂಸ್ಥೆಯ (ವಿಸಿಎ) ಕ್ರೀಡಾಂಗಣ. ಸುಮಾರು 45 ಸಾವಿರ ಮಂದಿ ಕೂರಬಹುದಾದ ಈ ಮೈದಾನ ದೇಶದ ದೊಡ್ಡ ಕ್ರಿಕೆಟ್ ಮೈದಾನಗಳಲ್ಲಿ ಒಂದು. ಆದರೆ ನಾಗ್ಪುರಕ್ಕೆ ಸ್ವಂತ ಐಪಿಎಲ್ ತಂಡವಿಲ್ಲ, ಮಹಿಳಾ ಪ್ರೀಮಿಯರ್ ಲೀಗ್ ತಂಡವಿಲ್ಲ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್ ತಂಡವೂ ಇಲ್ಲ.

ಹಾಗಿದ್ದರೂ ಕ್ರೀಡಾಂಗಣ ಮುಚ್ಚಿಲ್ಲ. ವಿದರ್ಭ ತಂಡ ಮೂರು ಬಾರಿ ರಣಜಿ ಟ್ರೋಫಿ ಗೆದ್ದಿದೆ. ದೊಡ್ಡ ಮಾರುಕಟ್ಟೆ ಇಲ್ಲದ ಊರಿನಲ್ಲಿ ವೃತ್ತಿಪರ ಆಟ ಹೇಗೆ ಉಳಿಯುತ್ತದೆ, ಇದೇ ಲೆಕ್ಕ ಫುಟ್‌ಬಾಲ್‌ನಲ್ಲಿ ಏಕೆ ಕೂಡಿಬರುವುದಿಲ್ಲ ಎಂಬುದರ ವಿವರ ಇಲ್ಲಿದೆ.

ಒಂದೇ ಊರು, ಎರಡು ಮೈದಾನ

ನಾಗ್ಪುರದ ಹಳೆಯ ವಿಸಿಎ ಮೈದಾನ ಇರುವುದು ನಗರದ ಮಧ್ಯಭಾಗದ ಸಿವಿಲ್ ಲೈನ್ಸ್‌ನಲ್ಲಿ. 1969ರಲ್ಲಿ ನ್ಯೂಜಿಲೆಂಡ್ ವಿರುದ್ಧ ಇಲ್ಲಿ ಮೊದಲ ಟೆಸ್ಟ್ ನಡೆಯಿತು. 1987ರ ವಿಶ್ವಕಪ್‌ನಲ್ಲಿ ಚೇತನ್ ಶರ್ಮಾ ಹ್ಯಾಟ್ರಿಕ್ ಪಡೆದದ್ದು, ಸುನಿಲ್ ಗವಾಸ್ಕರ್ ತಮ್ಮ ಏಕೈಕ ಏಕದಿನ ಶತಕ ಹೊಡೆದದ್ದು ಇದೇ ಮೈದಾನದಲ್ಲಿ. 1995ರ ನವೆಂಬರ್‌ನಲ್ಲಿ ಭಾರತ-ನ್ಯೂಜಿಲೆಂಡ್ ಏಕದಿನ ಪಂದ್ಯದ ವೇಳೆ ಗೋಡೆ ಕುಸಿದು ಪ್ರೇಕ್ಷಕರು ಮೃತಪಟ್ಟ ದುರಂತವೂ ಇಲ್ಲೇ ನಡೆಯಿತು.

ಜಾಮ್ಠಾ ಕ್ರೀಡಾಂಗಣ ಸಿದ್ಧವಾದದ್ದು 2008ರಲ್ಲಿ. ಅದೇ ವರ್ಷ ನವೆಂಬರ್‌ನಲ್ಲಿ ಆಸ್ಟ್ರೇಲಿಯಾ ವಿರುದ್ಧ ಮೊದಲ ಟೆಸ್ಟ್ ನಡೆಯಿತು. ಅದು ಸೌರವ್ ಗಂಗೂಲಿ ಅವರ ಕೊನೆಯ ಟೆಸ್ಟ್. ಭಾರತ ಬಾರ್ಡರ್-ಗವಾಸ್ಕರ್ ಟ್ರೋಫಿಯನ್ನು ಮರಳಿ ಪಡೆದ ಪಂದ್ಯವೂ ಹೌದು. ಆದರೂ ಬಹಳಷ್ಟು ಆಸನಗಳು ಖಾಲಿ ಉಳಿದಿದ್ದವು. ಆಫೀಸು, ಅಂಗಡಿ ಬಿಟ್ಟು ಒಂದೆರಡು ಗಂಟೆ ಆಟ ನೋಡಿ ಬರುತ್ತಿದ್ದವರಿಗೆ ಊರಾಚೆಯ ಮೈದಾನ ದೂರವಾಯಿತು.

ಜಾಗದ ಪ್ರಶ್ನೆ ಎಲ್ಲ ಕ್ರೀಡಾಂಗಣಗಳಿಗೂ ಇರುವಂಥದ್ದು. ಊರೊಳಗೆ ದೊಡ್ಡ ಜಾಗ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಊರಾಚೆ ಪಾರ್ಕಿಂಗ್, ಅಭ್ಯಾಸದ ಮೈದಾನ ಎಲ್ಲಕ್ಕೂ ಜಾಗವಿರುತ್ತದೆ, ಆದರೆ ಪ್ರೇಕ್ಷಕರನ್ನು ಅಲ್ಲಿಗೆ ಕರೆತರುವುದು ಕಷ್ಟ. ನಾಗ್ಪುರ ಮೆಟ್ರೊ 2019ರ ಮಾರ್ಚ್‌ನಲ್ಲಿ ವಾರ್ಧಾ ರಸ್ತೆಯ ಖಾಪ್ರಿವರೆಗೆ ಬಂತು. ಅಲ್ಲಿಂದ ದಕ್ಷಿಣಕ್ಕೆ, ಬುಟಿಬೋರಿ ಕಡೆಗೆ ವಿಸ್ತರಿಸುವ ಮಾರ್ಗವೂ ಸೇರಿರುವ 2ನೇ ಹಂತಕ್ಕೆ ಕೇಂದ್ರ ಸಂಪುಟ 2022ರ ಡಿಸೆಂಬರ್‌ನಲ್ಲಿ ಒಪ್ಪಿಗೆ ನೀಡಿತು.

ಐದು ವರ್ಷದಲ್ಲಿ ಆರೇ ದಿನ

2019ರ ನವೆಂಬರ್‌ನಿಂದ 2025ರ ಫೆಬ್ರವರಿವರೆಗೆ ಭಾರತ ಪುರುಷರ ತಂಡ ಜಾಮ್ಠಾದಲ್ಲಿ ಆಡಿದ್ದು ನಾಲ್ಕೇ ಪಂದ್ಯ. 2019ರ ನವೆಂಬರ್ 10ರಂದು ಬಾಂಗ್ಲಾದೇಶ ವಿರುದ್ಧ ಟಿ20, 2022ರ ಸೆಪ್ಟೆಂಬರ್ 23ರಂದು ಆಸ್ಟ್ರೇಲಿಯಾ ವಿರುದ್ಧ ಟಿ20, 2023ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಟೆಸ್ಟ್ ಮತ್ತು 2025ರ ಫೆಬ್ರವರಿ 6ರಂದು ಇಂಗ್ಲೆಂಡ್ ವಿರುದ್ಧ ಏಕದಿನ ಪಂದ್ಯ.

ಇವುಗಳಲ್ಲಿ 2022ರ ಟಿ20 ಪಂದ್ಯ ಮೈದಾನ ಒದ್ದೆಯಾಗಿದ್ದರಿಂದ 8 ಓವರ್‌ಗೆ ಇಳಿಯಿತು. ಟೆಸ್ಟ್ ಮೂರೇ ದಿನಕ್ಕೆ ಮುಗಿಯಿತು. ಒಟ್ಟು ಲೆಕ್ಕ ಹಾಕಿದರೆ ಐದು ವರ್ಷ ಮೂರು ತಿಂಗಳಲ್ಲಿ ಆರು ದಿನದ ಆಟ. ನಡುವೆ ಕೋವಿಡ್ ಬಂದದ್ದು ನಿಜ. ಆದರೆ ಬಿಸಿಸಿಐ ಪಂದ್ಯಗಳನ್ನು ಸರದಿಯ ಮೇಲೆ ಊರೂರಿಗೆ ಹಂಚುವುದರಿಂದ ಸಾಮಾನ್ಯ ದಿನಗಳಲ್ಲೂ ವರ್ಷಕ್ಕೆ ಸಿಗುವುದು ಕೆಲವೇ ಪಂದ್ಯ. 2023ರ ಏಕದಿನ ವಿಶ್ವಕಪ್‌ನ 10 ತಾಣಗಳ ಪಟ್ಟಿಯಲ್ಲಿ ನಾಗ್ಪುರ ಇರಲಿಲ್ಲ.

ಆದರೆ ಖರ್ಚಿಗೆ ರಜೆ ಇಲ್ಲ. ಹುಲ್ಲು, ಪಿಚ್, ಫ್ಲಡ್‌ಲೈಟ್, ನೀರು, ಕಾವಲು, ಸಿಬ್ಬಂದಿ ಸಂಬಳ ವರ್ಷದ 365 ದಿನವೂ ಇದ್ದೇ ಇರುತ್ತದೆ.

ಟಿಕೆಟ್ ಹಣ ಎಷ್ಟು, ಟಿವಿ ಹಣ ಎಷ್ಟು?

ಒಂದು ಸರಳ ಲೆಕ್ಕ ನೋಡಿ. 45 ಸಾವಿರ ಆಸನವೂ ಭರ್ತಿಯಾಗಿ, ಒಂದು ಟಿಕೆಟ್‌ಗೆ ಸರಾಸರಿ 1,000 ರೂ. ಎಂದಿಟ್ಟುಕೊಂಡರೆ ಒಂದು ದಿನಕ್ಕೆ ಬರುವುದು 4.5 ಕೋಟಿ ರೂ. ಭಾರತದಲ್ಲಿ ನಡೆಯುವ ದ್ವಿಪಕ್ಷೀಯ ಪಂದ್ಯಗಳ 2023-28ರ ಪ್ರಸಾರ ಹಕ್ಕನ್ನು ವಯಾಕಾಂ18 ಪಡೆದದ್ದು 88 ಪಂದ್ಯಗಳಿಗೆ 5,963 ಕೋಟಿ ರೂ.ಗೆ. ಅಂದರೆ ಪಂದ್ಯವೊಂದಕ್ಕೆ ಸುಮಾರು 67.8 ಕೋಟಿ ರೂ. ಟಿಕೆಟ್ ಹಣದ 15 ಪಟ್ಟು.

ಪ್ರಸಾರದ ಹಣ ಪಂದ್ಯ ನಡೆದ ಊರಿಗೆ ನೇರವಾಗಿ ಹೋಗುವುದಿಲ್ಲ. ಅದು ಬಿಸಿಸಿಐ ಖಜಾನೆಗೆ ಸೇರಿ, ಅಲ್ಲಿಂದ ಒಂದು ಪಾಲು ಸದಸ್ಯ ಸಂಸ್ಥೆಗಳಿಗೆ ಅನುದಾನವಾಗಿ ಹಂಚಿಕೆಯಾಗುತ್ತದೆ. ವಿದರ್ಭ ಬಿಸಿಸಿಐನ ಪೂರ್ಣ ಸದಸ್ಯ. ಹೀಗಾಗಿ ಜಾಮ್ಠಾ ಖಾಲಿ ಇದ್ದ ವರ್ಷವೂ ಅನುದಾನ ಬರುತ್ತದೆ. ನಾಗ್ಪುರದ ಕ್ರಿಕೆಟ್ ನಿಂತಿರುವುದು ಮುಖ್ಯವಾಗಿ ಈ ಹಂಚಿಕೆಯ ಮೇಲೆ.

ಪೂರ್ಣ ಸದಸ್ಯತ್ವಕ್ಕೂ ಒಮ್ಮೆ ಕುತ್ತು ಬಂದಿತ್ತು. 'ಒಂದು ರಾಜ್ಯಕ್ಕೆ ಒಂದೇ ಮತ' ಎಂಬ ಲೋಧಾ ಸಮಿತಿ ಶಿಫಾರಸನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಿತ್ತು. ಮಹಾರಾಷ್ಟ್ರದಲ್ಲಿ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂಬ ಮೂರು ಸಂಸ್ಥೆಗಳಿವೆ. ಮೂರೂ ಸರದಿಯಲ್ಲಿ ಮತ ಹಾಕಬೇಕಾಗುತ್ತಿತ್ತು. 2018ರ ಆಗಸ್ಟ್‌ನಲ್ಲಿ ಕೋರ್ಟ್ ಇದನ್ನು ಬದಲಿಸಿ, ಮುಂಬೈ, ವಿದರ್ಭ, ಬರೋಡಾ ಮತ್ತು ಸೌರಾಷ್ಟ್ರಕ್ಕೆ ಪೂರ್ಣ ಮತದ ಹಕ್ಕು ಮರಳಿಸಿತು.

ಐಪಿಎಲ್ ತಂಡ ಏಕೆ ಬರಲಿಲ್ಲ?

ಐಪಿಎಲ್‌ನ 2023-27ರ ಪ್ರಸಾರ ಹಕ್ಕು 48,390 ಕೋಟಿ ರೂ.ಗೆ ಮಾರಾಟವಾಗಿದೆ. ಈ ಹಣದಲ್ಲಿ ಸುಮಾರು ಅರ್ಧ ತಂಡಗಳಿಗೆ ಹಂಚಿಕೆಯಾಗುತ್ತದೆ. ಹಾಗಾದರೆ ನಾಗ್ಪುರದ ತಂಡಕ್ಕೂ ಮುಂಬೈ ತಂಡದಷ್ಟೇ ಪಾಲು ಸಿಗಬೇಕಲ್ಲವೇ? ಹೌದು. ಆದರೆ ಟಿಕೆಟ್, ಕಾರ್ಪೊರೇಟ್ ಬಾಕ್ಸ್, ಸ್ಥಳೀಯ ಪ್ರಾಯೋಜಕರಿಂದ ಬರುವ ಆದಾಯ ಊರಿನಿಂದ ಊರಿಗೆ ಬೇರೆ. 2011ರ ಜನಗಣತಿಯಂತೆ ನಾಗ್ಪುರದ ಜನಸಂಖ್ಯೆ ಸುಮಾರು 24 ಲಕ್ಷ, ಬೆಂಗಳೂರಿನದು 84 ಲಕ್ಷ.

2021ರಲ್ಲಿ ಎರಡು ಹೊಸ ತಂಡಗಳ ಹರಾಜು ನಡೆದಾಗ ಲಖನೌ 7,090 ಕೋಟಿ ರೂ.ಗೆ, ಅಹಮದಾಬಾದ್ 5,625 ಕೋಟಿ ರೂ.ಗೆ ಹೋದವು. ಇಷ್ಟು ಹಣ ಹಾಕುವವರು ದೊಡ್ಡ ಊರನ್ನೇ ನೋಡುತ್ತಾರೆ.

ನಾಗ್ಪುರಕ್ಕೆ ಸಿಕ್ಕಿದ್ದು ಬೇರೆಯವರ ತಂಡ. 2010ರಲ್ಲಿ ತೆಲಂಗಾಣ ಹೋರಾಟದಿಂದಾಗಿ ಹೈದರಾಬಾದ್‌ನಲ್ಲಿ ಆಡಲಾಗದ ಡೆಕ್ಕನ್ ಚಾರ್ಜರ್ಸ್ ಕೆಲವು ಪಂದ್ಯಗಳನ್ನು ಜಾಮ್ಠಾದಲ್ಲಿ ಆಡಿತು. 2016ರಲ್ಲಿ ಕಿಂಗ್ಸ್ ಇಲೆವೆನ್ ಪಂಜಾಬ್ ನಾಗ್ಪುರವನ್ನು ಎರಡನೇ ತವರಾಗಿ ಆರಿಸಿಕೊಂಡಿತ್ತು. ಮಹಾರಾಷ್ಟ್ರದಲ್ಲಿ ಭೀಕರ ಬರ ಇದ್ದ ವರ್ಷ ಅದು. ಬಾಂಬೆ ಹೈಕೋರ್ಟ್ ಆದೇಶದ ನಂತರ ಆ ಪಂದ್ಯಗಳೂ ಬೇರೆಡೆ ಹೋದವು.

ಒಂದು ಲಕ್ಷ ಜನರ ಊರು, 81 ಸಾವಿರ ಆಸನ

ಸಣ್ಣ ಊರಿನ ತಂಡ ಎಂದರೆ ಜಗತ್ತಿನಲ್ಲಿ ಮೊದಲು ನೆನಪಾಗುವ ಹೆಸರು ಅಮೆರಿಕನ್ ಫುಟ್‌ಬಾಲ್‌ನ ಗ್ರೀನ್ ಬೇ ಪ್ಯಾಕರ್ಸ್. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ನಗರದ ಜನಸಂಖ್ಯೆ ಸುಮಾರು 1.07 ಲಕ್ಷ. ಅಲ್ಲಿನ ಲ್ಯಾಂಬೊ ಫೀಲ್ಡ್ ಕ್ರೀಡಾಂಗಣದಲ್ಲಿ 81 ಸಾವಿರಕ್ಕೂ ಹೆಚ್ಚು ಆಸನಗಳಿವೆ.

1919ರಲ್ಲಿ ಹುಟ್ಟಿದ ಈ ತಂಡಕ್ಕೆ ಒಬ್ಬ ಮಾಲೀಕನಿಲ್ಲ. ಐದು ಲಕ್ಷಕ್ಕೂ ಹೆಚ್ಚು ಷೇರುದಾರರಿದ್ದಾರೆ. ಆ ಷೇರಿಗೆ ಲಾಭಾಂಶ ಸಿಗುವುದಿಲ್ಲ. ಲೀಗ್‌ನ ರಾಷ್ಟ್ರೀಯ ಪ್ರಸಾರದ ಹಣ ಎಲ್ಲ ತಂಡಗಳಿಗೂ ಸಮನಾಗಿ ಹಂಚಿಕೆಯಾಗುತ್ತದೆ. 2024-25ರಲ್ಲಿ ಪ್ಯಾಕರ್ಸ್‌ನ ಒಟ್ಟು ಆದಾಯ ಸುಮಾರು 71.9 ಕೋಟಿ ಡಾಲರ್. ಇದರಲ್ಲಿ 43 ಕೋಟಿ ಡಾಲರ್‌ಗೂ ಹೆಚ್ಚು, ಅಂದರೆ ಶೇ 60ರಷ್ಟು, ಲೀಗ್‌ನಿಂದ ಬಂದ ಪಾಲು.

ಊರಿನವರೂ ಕೈಯಿಂದ ಹಾಕಿದ್ದಾರೆ. ಲ್ಯಾಂಬೊ ಫೀಲ್ಡ್ ನವೀಕರಣಕ್ಕಾಗಿ ಬ್ರೌನ್ ಕೌಂಟಿಯ ಮತದಾರರು 2000ದಲ್ಲಿ ಅರ್ಧ ಶೇಕಡಾ ಮಾರಾಟ ತೆರಿಗೆಗೆ ಒಪ್ಪಿದರು. ಅದು 2015ರಲ್ಲಿ ಕೊನೆಗೊಂಡಿತು.

ಫುಟ್‌ಬಾಲ್‌ಗೆ ಈ ಆಸರೆ ಇಲ್ಲ

ನಾಗ್ಪುರದಲ್ಲಿ ಫುಟ್‌ಬಾಲ್ ಪ್ರೀತಿಗೆ ಬರವಿಲ್ಲ. ಪಕ್ಕದ ಕಾಮ್ಠಿ ಫುಟ್‌ಬಾಲ್‌ಗೆ ಹೆಸರಾದ ಊರು. ವಿಜಯ್ ಬರ್ಸೆ 2001ರಲ್ಲಿ ಕೊಳೆಗೇರಿ ಮಕ್ಕಳಿಗಾಗಿ ಆರಂಭಿಸಿದ 'ಸ್ಲಂ ಸಾಕರ್' ಇಲ್ಲಿಯದೇ. ಅದಕ್ಕೆ 2016ರಲ್ಲಿ ಫಿಫಾದ ಪ್ರಶಸ್ತಿ ಬಂತು. ಅಮಿತಾಭ್ ಬಚ್ಚನ್ ನಟನೆಯ 2022ರ 'ಝುಂಡ್' ಚಿತ್ರಕ್ಕೆ ಪ್ರೇರಣೆ ಬರ್ಸೆ ಅವರ ಬದುಕು.

ಇಲ್ಲದಿರುವುದು ಹಂಚಿಕೊಳ್ಳಲು ದೊಡ್ಡ ಗಂಟು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕನ್ನು 15 ವರ್ಷಕ್ಕೆ ಕೊಟ್ಟಿದ್ದು 700 ಕೋಟಿ ರೂ.ಗೆ. ಆ ಒಪ್ಪಂದ ನವೀಕರಣವಾಗದೆ 2025ರಲ್ಲಿ ಐಎಸ್‌ಎಲ್ ಆರಂಭವೇ ಮುಂದಕ್ಕೆ ಹೋಯಿತು. ದೊಡ್ಡ ಮಾರುಕಟ್ಟೆಯ ಬೆಂಗಳೂರು ಎಫ್‌ಸಿ ಕೂಡ ಆ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ತಡೆಹಿಡಿಯಿತು. ಕ್ಲಬ್ ಆಡುವ ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ್ದು; ಅದನ್ನು ಅಥ್ಲೀಟ್‌ಗಳ ಜತೆ ಹಂಚಿಕೊಳ್ಳಬೇಕು. ಜೆಎಸ್‌ಡಬ್ಲ್ಯುನಂಥ ದೊಡ್ಡ ಉದ್ಯಮ ಬೆನ್ನಿಗಿರುವ ಕ್ಲಬ್‌ನ ಪಾಡೇ ಹೀಗಾದರೆ, 24 ಲಕ್ಷ ಜನರ ಊರಿನಲ್ಲಿ ತಂಡ ಕಟ್ಟಲು ಯಾರು ಮುಂದೆ ಬರುತ್ತಾರೆ?

ಹಂಚಿಕೆಯ ಹಣ ಮಾಡಿದ್ದೇನು?

1957-58ರಲ್ಲಿ ಮೊದಲು ರಣಜಿ ಆಡಿದ ವಿದರ್ಭ, ಪ್ರಶಸ್ತಿಗಾಗಿ 60 ವರ್ಷ ಕಾದಿತ್ತು. 2017-18ರ ಸೆಮಿಫೈನಲ್‌ನಲ್ಲಿ ಕರ್ನಾಟಕವನ್ನು ಈಡನ್ ಗಾರ್ಡನ್ಸ್‌ನಲ್ಲಿ ಐದೇ ರನ್‌ಗಳಿಂದ ಸೋಲಿಸಿ, ಫೈನಲ್‌ನಲ್ಲಿ ದೆಹಲಿಯನ್ನು ಮಣಿಸಿತು. 2018-19 ಮತ್ತು 2024-25ರ ಪ್ರಶಸ್ತಿಗಳನ್ನು ಜಾಮ್ಠಾದಲ್ಲೇ ಎತ್ತಿ ಹಿಡಿಯಿತು.

ಈ ಗೆಲುವುಗಳಲ್ಲಿ ಕನ್ನಡಿಗರ ಪಾಲೂ ಇದೆ. ಕರ್ನಾಟಕದಲ್ಲಿ ಸ್ಥಾನ ಕಳೆದುಕೊಂಡ ಗಣೇಶ್ ಸತೀಶ್ ಮೊದಲೆರಡು ಪ್ರಶಸ್ತಿ ಗೆದ್ದ ತಂಡದಲ್ಲಿದ್ದರು. ಕರುಣ್ ನಾಯರ್ 2024-25ರ ಫೈನಲ್‌ನಲ್ಲಿ ಕೇರಳ ವಿರುದ್ಧ 86 ಮತ್ತು 135 ರನ್ ಹೊಡೆದು, ಅದೇ ವರ್ಷ ಭಾರತ ಟೆಸ್ಟ್ ತಂಡಕ್ಕೆ ಮರಳಿದರು.

ರಣಜಿ ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೆಟ್ ಇಲ್ಲ. ಆದರೂ 40ಕ್ಕಿಂತ ಹೆಚ್ಚು ರಣಜಿ ಪಂದ್ಯ ಆಡಿದ ಆಟಗಾರನಿಗೆ 2021ರಲ್ಲಿ ಬಿಸಿಸಿಐ ನಿಗದಿ ಮಾಡಿದ ದಿನದ ಶುಲ್ಕ 60 ಸಾವಿರ ರೂ. ಮುಂಬೈ ಆಟಗಾರನಿಗೂ ಅಷ್ಟೇ, ವಿದರ್ಭದವನಿಗೂ ಅಷ್ಟೇ.

ಮುಂದಿನ ಪರೀಕ್ಷೆ

ಐಪಿಎಲ್‌ನ ಈಗಿನ ಪ್ರಸಾರ ಒಪ್ಪಂದ 2027ಕ್ಕೆ, ಭಾರತದ ತವರು ಪಂದ್ಯಗಳ ಒಪ್ಪಂದ 2028ಕ್ಕೆ ಮುಗಿಯುತ್ತದೆ. ಮುಂದಿನ ಹರಾಜಿನಲ್ಲಿ ಬೆಲೆ ಕುಸಿದರೆ ಮುಂಬೈ, ಬೆಂಗಳೂರಿನ ಮೈದಾನಗಳಿಗೆ ಐಪಿಎಲ್ ತಂಡಗಳ ಆಸರೆಯಾದರೂ ಇರುತ್ತದೆ. ಜಾಮ್ಠಾಕ್ಕೆ ಅದಿಲ್ಲ. ಪ್ರಸಾರ ಹಕ್ಕಿಗೆ ಎಷ್ಟು ಸಿಗುತ್ತದೆ, ಅದು ಸಂಸ್ಥೆಗಳ ನಡುವೆ ಹೇಗೆ ಹಂಚಿಕೆಯಾಗುತ್ತದೆ ಎಂಬ ಎರಡೇ ಸಂಗತಿಗಳು ಆ 45 ಸಾವಿರ ಆಸನಗಳ ಮುಂದಿನ ದಿನಗಳನ್ನು ನಿರ್ಧರಿಸಲಿವೆ.