ಅಂಗಡಿಯ ಅಗಲಕ್ಕೆ ತಕ್ಕ ಲೆನ್ಸು

ಹೆಂಚಿನ ಕಾರ್ಖಾನೆಯೊಂದರ ಜಾಹೀರಾತು ವಿಡಿಯೋ ಅಂದುಕೊಳ್ಳಿ. ಮಾಲೀಕರ ಮೀಸೆಯ ಕೂದಲು ಎಣಿಸುವಷ್ಟು ಸ್ಪಷ್ಟ. ಬೆನ್ನ ಹಿಂದಿನ ಗೂಡು, ಜೋಡಿಸಿಟ್ಟ ಹೆಂಚು, ಕೆಲಸದ ಜನ ಎಲ್ಲವೂ ಬರೀ ಮಂಜು. ಕೊಳ್ಳುವವನು ನೋಡಬಂದದ್ದು ಹೆಂಚನ್ನು, ಅವನಿಗೆ ಕಂಡದ್ದು ಮೀಸೆ. ಇಟ್ಟಿಗೆ ಮತ್ತು ಹೆಂಚಿಗೆ ಹೆಸರಾದ ಮಾಲೂರಿನಂಥ ಊರುಗಳ ಸಣ್ಣ ಉದ್ಯಮಗಳಿಗೆ ತಯಾರಾಗುವ ವಿಡಿಯೋಗಳಲ್ಲಿ ಈ ಚಾಳಿ ಧಾರಾಳವಾಗಿದೆ. ಅದು ಬಂದ ದಾರಿ ಉದ್ದವಾದದ್ದು.

ಲೆನ್ಸು ಮಾಡುವವರಿಗೆ ಮೊದಲು ಎದುರಾದ ತೊಂದರೆ ಬೆಳಕಿನದು. 1840ರಲ್ಲಿ ವಿಯೆನ್ನಾದ ಜೋಸೆಫ್ ಪೆಟ್ಜ್‌ವಾಲ್ ಲೆಕ್ಕ ಹಾಕಿ ರೂಪಿಸಿದ ಭಾವಚಿತ್ರದ ಲೆನ್ಸು, ಆಗಿನ ಲೆನ್ಸುಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳಕನ್ನು ಒಳಗೆ ಬಿಟ್ಟಿತು. ಅದರ ತೆರವು ಸುಮಾರು ಎಫ್ 3.6. ನಡುವೆ ಮುಖ ಚೊಕ್ಕ, ಅಂಚಿನಲ್ಲಿ ಎಲ್ಲ ಕಲಸಿದಂತೆ. ಇಂದು ದುಡ್ಡು ಕೊಟ್ಟು ತರುವ ಬ್ಲರ್ ಅಂದು ಸಹಿಸಿಕೊಳ್ಳಬೇಕಾದ ದೋಷವಾಗಿತ್ತು.

ಸಿನಿಮಾಕ್ಕೆ ಬೇಕಾದದ್ದು ಅಗಲ. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತ ಮೈಸೂರಿನ ವಿ.ಕೆ. ಮೂರ್ತಿ 1959ರಲ್ಲಿ ‘ಕಾಗಜ್ ಕೆ ಫೂಲ್’ ಚಿತ್ರೀಕರಿಸಿದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ಅದಕ್ಕೂ ಮುಂಚೆ, 1956ರಲ್ಲಿ, ಫ್ರಾನ್ಸಿನ ಆಂಜೆನ್ಯೂ ಸಂಸ್ಥೆ 17ರಿಂದ 68 ಮಿ.ಮೀ.ವರೆಗಿನ ಝೂಮ್ ಲೆನ್ಸು ತಂದಿತ್ತು. ಚಿಕ್ಕ ಊರುಗಳಿಗೆ ಝೂಮ್ ತಲುಪಿದ್ದು ಮದುವೆ ವಿಡಿಯೋದವರ ಹೆಗಲೇರಿ. ಅವರ ಕ್ಯಾಮ್‌ಕಾರ್ಡರ್‌ಗಳ ಸೆನ್ಸರ್ ಉಗುರಿನಗಲವೂ ಇರುತ್ತಿರಲಿಲ್ಲ, ಹಾಗಾಗಿ ಹಿನ್ನೆಲೆ ಮಸುಕಾಗಬೇಕೆಂದರೂ ಸುಲಭಕ್ಕೆ ಆಗುತ್ತಿರಲಿಲ್ಲ. ಮಂಟಪ, ಪುರೋಹಿತರು, ಬಾಳೆಕಂದು, ಹಿಂದೆ ಕಾಫಿ ಹಂಚುತ್ತಿರುವ ಹುಡುಗ, ಎಲ್ಲರೂ ಸ್ಪಷ್ಟ. ಅಂಗಡಿಯ ವಿಡಿಯೋಗೆ ಆ ಹಳೆಯ ಗುಣವೇ ಬೇಕಿತ್ತು ಅನ್ನುವುದು ನನ್ನ ಮತ.

ಎಲ್ಲ ಬದಲಾದದ್ದು 2008ರಲ್ಲಿ. ವಿಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಆಗಿ ನಿಕಾನ್ ಡಿ90 ಬಂತು, ಅದರ ಹಿಂದೆಯೇ ಕ್ಯಾನನ್ 5ಡಿ ಮಾರ್ಕ್ 2. ಸಿನಿಮಾದ ಮೃದು ಹಿನ್ನೆಲೆ ಫೋಟೋ ಸ್ಟುಡಿಯೋದವರ ಕೈಗೇ ಸಿಕ್ಕಿತು. ಅದಕ್ಕೆ ಬೇಕಾದ ಲೆನ್ಸೂ ಅಗ್ಗದ್ದೇ: 50 ಮಿ.ಮೀ., ಎಫ್ 1.8. ಮೊದಲು ಕೊಳ್ಳುವ ಲೆನ್ಸು ಇದೇ ಎಂಬುದು ಕಟ್ಟಳೆಯೇ ಆಯಿತು. ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೂ ಈ ಕಟ್ಟಳೆ ಹೋಗಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ನಮ್ಮ ಕಡೆ ಹೆಚ್ಚು ಓಡಾಡುವ ಎಪಿಎಸ್-ಸಿ ಕ್ಯಾಮೆರಾದ ಸೆನ್ಸರ್ ಸುಮಾರು 23.5 ಮಿ.ಮೀ. ಅಗಲ. 50 ಮಿ.ಮೀ. ಲೆನ್ಸು ಹಾಕಿ ಹತ್ತು ಅಡಿ ದೂರ ನಿಂತರೆ ಚೌಕಟ್ಟಿಗೆ ಬೀಳುವುದು ಐದು ಅಡಿಗೂ ಕಡಿಮೆ. ಪೇಟೆಬೀದಿಯ ಎಷ್ಟೋ ಅಂಗಡಿಗಳಲ್ಲಿ ಹಿಂದೆ ಸರಿಯಲು ಆ ಹತ್ತು ಅಡಿಯೂ ಇರುವುದಿಲ್ಲ. 24 ಮಿ.ಮೀ. ಹಾಕಿದರೆ ಅದೇ ಜಾಗದಿಂದ ಹತ್ತಿರ ಹತ್ತಿರ ಹತ್ತು ಅಡಿ, 16 ಮಿ.ಮೀ. ಆದರೆ ಹದಿನಾಲ್ಕು ಅಡಿಗೂ ಹೆಚ್ಚು. ಲೆನ್ಸಿನ ಬೆಲೆ ಕೇಳುವ ಮೊದಲು ಅಂಗಡಿಗೆ ಟೇಪು ಹಿಡಿಯಬೇಕು.

2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಂ ರೀಲ್ಸ್ ಭಾರತಕ್ಕೆ ಕಾಲಿಟ್ಟ ಮೇಲೆ ಸಣ್ಣ ವ್ಯಾಪಾರಿಗಳ ವಿಡಿಯೋಗಳಲ್ಲಿ ಬಹುಪಾಲು ಎದ್ದು ನಿಂತವು. ಕ್ಯಾಮೆರಾ ಉದ್ದುದ್ದ ಹಿಡಿದೊಡನೆ ಅಗಲ ಅರ್ಧದಷ್ಟಕ್ಕೆ ಬಂತು: 24 ಮಿ.ಮೀ.ಗೆ ಹತ್ತು ಅಡಿಯಿಂದ ಈಗ ಸಿಗುವುದು ಐದೂವರೆ ಅಡಿ, 50 ಮಿ.ಮೀ.ಗೆ ಎರಡೂವರೆ ಚಿಲ್ಲರೆ. ಅಡ್ಡ ಚೌಕಟ್ಟಿನ ಕಾಲದಲ್ಲಿ ಕೊಂಡ ಲೆನ್ಸು ಒಳ್ಳೆಯದೇ ಇರಬಹುದು, ಆದರೆ ಚೌಕಟ್ಟು ತಿರುಗಿದ ಮೇಲೆ ಅದು ಬೇರೆಯೇ ಲೆನ್ಸು. ಫೋನುಗಳ ಮುಖ್ಯ ಕ್ಯಾಮೆರಾ ಅಗಲದ ನೋಟದ್ದು. ಎಷ್ಟೋ ಅಂಗಡಿಗಳಲ್ಲಿ ಫೋನಿನ ವಿಡಿಯೋವೇ ಚೆನ್ನಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಇಟ್ಟಿಗೆ ಒಣಹಾಕಿದ ಬಯಲಿನಲ್ಲಿ ತಾಪತ್ರಯವೇ ಬೇರೆ. ಸೆಕೆಂಡಿಗೆ 25 ಚೌಕಟ್ಟಿನ ವಿಡಿಯೋಗೆ ಶಟರ್ 1/50ರಲ್ಲಿ ಇಟ್ಟರೆ ಚಲನೆ ಸಹಜವಾಗಿ ಕಾಣುತ್ತದೆ, ಟ್ಯೂಬ್‌ಲೈಟಿನ ಮಿಣುಕೂ ಬೀಳುವುದಿಲ್ಲ. ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಇದೇ ಶಟರ್ ಇಟ್ಟು ಎಫ್ 1.8 ತೆರೆದರೆ, ಐಎಸ್‌ಒ 100ರಲ್ಲೂ ಬೇಕಾದದ್ದರ ನೂರು ಪಟ್ಟಿಗಿಂತ ಹೆಚ್ಚು ಬೆಳಕು ನುಗ್ಗುತ್ತದೆ. ಬೆಳಕು ತಡೆಯುವ ಎನ್‌ಡಿ ಫಿಲ್ಟರ್ ಇಲ್ಲದೆ ಅಲ್ಲಿ ದೊಡ್ಡ ತೆರವಿನ ಲೆನ್ಸಿಗೆ ಕೆಲಸವಿಲ್ಲ. ಸಾಮಾನ್ಯ ಕಿಟ್ ಲೆನ್ಸಿಗೊಂದು ಎನ್‌ಡಿ ಹಾಕಿ ಎಫ್ 8ರಲ್ಲಿ ತೆಗೆದರೆ ಮಾಲೀಕರೂ ಗೂಡೂ ಹೆಂಚೂ ಒಟ್ಟಿಗೆ ಸಿಗುತ್ತವೆ.

ಮುಳಬಾಗಿಲಿನ ದೋಸೆ ಹೋಟೆಲಿನಲ್ಲಿ ನೋಡಬೇಕಾದದ್ದು ಲೆನ್ಸು ಎಷ್ಟು ಹತ್ತಿರ ಹೋಗಬಲ್ಲದು ಅನ್ನುವುದನ್ನು. ಕ್ಯಾನನ್‌ನ ಹಳೆಯ 50 ಮಿ.ಮೀ. ಲೆನ್ಸು 45 ಸೆಂ.ಮೀ.ಗಿಂತ ಹತ್ತಿರದ್ದಕ್ಕೆ ಫೋಕಸ್ ಆಗುತ್ತಿರಲಿಲ್ಲ. 2015ರ ಎಸ್‌ಟಿಎಂ ಮಾದರಿ 35 ಸೆಂ.ಮೀ.ಗೆ ಇಳಿಯಿತು, ಫೋಕಸ್ ಮೋಟಾರಿನ ಕಿರಿಕಿರಿ ಸದ್ದೂ ತಗ್ಗಿತು. ತುಪ್ಪ ಸಿಡಿಯುವ ಕಾವಲಿಯ ಮುಂದೆ ಗಾಜಿಗೊಂದು ಯುವಿ ಫಿಲ್ಟರ್ ಇರಲಿ. ಒರೆಸಿ ಒರೆಸಿ ಗೀರಾದರೆ ಹೋಗುವುದು ಫಿಲ್ಟರ್ ಮಾತ್ರ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದ ಕಲ್ಲುಕೆತ್ತನೆಗೆ ನಾನು ಇಲ್ಲಿಯವರೆಗೆ ಹೊಗಳಿದ ಅಗಲದ ಲೆನ್ಸು ಆಗಿಬರುವುದಿಲ್ಲ. ಶಿಲ್ಪಿ ತಾಲಮಾನ ಹಿಡಿದು ಮುಖಕ್ಕಿಷ್ಟು, ಮುಂಡಕ್ಕಿಷ್ಟು ಎಂದು ಅಳೆದು ಕೆತ್ತಿರುತ್ತಾನೆ. ನಾವು 16 ಮಿ.ಮೀ. ಹಾಕಿ ಚೌಕಟ್ಟು ತುಂಬಿಸಲೆಂದು ವಿಗ್ರಹದ ಮೂಗಿನ ಬಳಿ ಹೋದರೆ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಓಡುತ್ತದೆ, ಪಾದ ಕುಗ್ಗುತ್ತದೆ. ದೂರದೂರಿನ ದೇವಸ್ಥಾನ ಸಮಿತಿಯವರು ವಿಡಿಯೋ ನೋಡಿ ಪ್ರಮಾಣ ಕೆಟ್ಟಿದೆ ಎಂದರೆ ಹೆಸರು ಹಾಳಾಗುವುದು ಶಿಲ್ಪಿಯದು. ತಪ್ಪಿನ ಮೂಲ ನಾವು ತೀರ ಹತ್ತಿರ ನಿಂತದ್ದು, ಅಗಲದ ಲೆನ್ಸು ಹಾಗೆ ನಿಲ್ಲಿಸುತ್ತದೆ ಅಷ್ಟೇ. ಕೆಲಸ ನಡೆಯುವುದು ಬಯಲಲ್ಲೋ ಚಪ್ಪರದಡಿಯೋ ಆದರೆ ಹಿಂದೆ ಸರಿಯಲು ಜಾಗಕ್ಕೆ ಬರವಿಲ್ಲ. ಹನ್ನೆರಡು, ಹದಿನೈದು ಅಡಿ ದೂರ ಹೋಗಿ, ಅಂಗಡಿಯಲ್ಲಿ ಬೇಡವೆಂದ ಆ 50 ಮಿ.ಮೀ. ಅನ್ನೇ, ಇಲ್ಲವೇ 85ನ್ನು, ವಿಗ್ರಹದ ಎದೆಮಟ್ಟಕ್ಕೆ ಹಿಡಿಯಬೇಕು. ಉಳಿಯ ಗುರುತು, ಆಭರಣದ ಕುಸುರಿ ತೋರಿಸಲು ಮ್ಯಾಕ್ರೋ ಲೆನ್ಸು ಬೇಕು. ಅದನ್ನು ಕೊಳ್ಳುವ ಅಗತ್ಯವಿಲ್ಲ. ಬೆಂಗಳೂರಿನಲ್ಲಿ ದಿನಬಾಡಿಗೆಗೆ ಸಿಗುತ್ತದೆ, ಮಾಲೂರಿಂದ ರೈಲಿಗೆ ಹೋಗಿ ತರಬಹುದು. ಲೆನ್ಸು ಬದಲಿಸುವುದನ್ನು ಮಾತ್ರ ಕಲ್ಲಿನ ದೂಳು ಹಾರುವ ಜಾಗದಲ್ಲಿ ಮಾಡಬಾರದು, ಗಾಡಿಯೊಳಗೆ ಕೂತು ಬಾಗಿಲು ಹಾಕಿಕೊಂಡು ಮಾಡಬೇಕು.

ಶ್ರೀನಿವಾಸಪುರದ ಮಾವಿನ ಮಂಡಿಗೆ, ನನ್ನನ್ನು ಕೇಳಿದರೆ, ಸದ್ಯಕ್ಕೆ ಫೋನೇ ಸಾಕು. ಸುಗ್ಗಿಯ ಬೆಳಗ್ಗೆ ಅಲ್ಲಿ ಬೆಳಕೂ ಬಣ್ಣವೂ ಬೇಕಾದಷ್ಟು, ಲಾರಿಗಳ ಮತ್ತು ಹರಾಜಿನ ಗದ್ದಲವೂ ಅಷ್ಟೇ. ಲೆನ್ಸಿಗೆ ತೆಗೆದಿಟ್ಟ ದುಡ್ಡಿನಲ್ಲಿ ಅಲ್ಲಿಗೆ ಒಂದು ಕಾಲರ್ ಮೈಕ್ ಕೊಳ್ಳುವುದು ಮೇಲು.